ಸ್ಲೋ ಕುಕ್ಕರಿನ ಫ್ರೆಂಚ್ ಸ್ಟ್ಯೂ ನೀರಾಯಿತು, ಮಾಂಸ ನಾರಾಯಿತು: ಎಲ್ಲಿ ತಪ್ಪಿತು?

ಪ್ರಶ್ನೆ: ನಾವು ಕೊಡಗಿನ ಗೋಣಿಕೊಪ್ಪದ ಹತ್ತಿರದವರು. ಮಗಳು ಎರಡು ವರ್ಷ ಫ್ರಾನ್ಸಿನ ದಿಜೋನ್‌ನಲ್ಲಿ ಓದಿ ಬಂದಿದ್ದಾಳೆ. ಅಲ್ಲಿ ತಿಂದ ರೆಡ್ ವೈನ್ ಬೀಫ್ ಸ್ಟ್ಯೂ ಅವಳಿಗೆ ಇನ್ನೂ ಮರೆತಿಲ್ಲ. ನಮ್ಮ ಮನೆಗೆ ಬೀಫ್ ತರುವ ಪದ್ಧತಿ ಇಲ್ಲ. ಅದಕ್ಕೆ ಹಂದಿ ಮಾಂಸದಲ್ಲೇ ಮಾಡಿದೆ. ಬೆಂಗಳೂರಿನಿಂದ ತಂದ ಮೂರೂವರೆ ಲೀಟರಿನ ಸ್ಲೋ ಕುಕ್ಕರಿಗೆ ಒಂದೂಕಾಲು ಕೆ.ಜಿ. ಪಂದಿ ಕರಿ ಪೀಸು, ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆ, ಅಣಬೆ, ಒಂದು ಬಾಟಲಿ ಹೋಮ್‌ಮೇಡ್ ದ್ರಾಕ್ಷಿ ವೈನ್ ಹಾಕಿ ರಾತ್ರಿ ಹತ್ತಕ್ಕೆ ‘ಲೋ’ದಲ್ಲಿಟ್ಟೆ. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಸಾರು ನೀರುನೀರು, ಹುಳಿಸಿಹಿ ರುಚಿ, ಬಣ್ಣ ಬೂದಿ ಬೂದಿ. ಮೇಲೆ ಒಂದು ಬೆರಳು ದಪ್ಪ ಕೊಬ್ಬು. ಮಾಂಸ ಎಳೆ ಎಳೆ, ಕ್ಯಾರೆಟ್ ಮಾತ್ರ ಗಟ್ಟಿ! ಮಧ್ಯರಾತ್ರಿ ಒಂದೂವರೆ ಗಂಟೆ ಹೊತ್ತು ಕರೆಂಟ್ ಬೇರೆ ಹೋಗಿತ್ತಂತೆ. ಹುತ್ತರಿ ಕಳೆದ ಮೇಲೆ ಮಗಳ ಸ್ನೇಹಿತರು ಊಟಕ್ಕೆ ಬರುತ್ತಾರೆ. ಸರಿಯಾಗಿ ಮಾಡುವುದು ಹೇಗೆ? ಪಂದಿ ಕರಿಗೆ ಹಾಕುವ ನಮ್ಮ ಕಪ್ಪು ಹುಳಿರಸ ಕಾಚಂಪುಳಿ ಹಾಕಬಹುದಾ? ಕರೆಂಟ್ ಹೋದರೆ ತಿನ್ನಬಹುದಾ? ಆ ದಿನದ್ದು ಇನ್ನೂ ಫ್ರೀಜರಿನಲ್ಲಿದೆ.

ಉತ್ತರ: ನಮಸ್ಕಾರ. ಇಷ್ಟು ವಿವರವಾಗಿ ಬರೆದದ್ದು ತುಂಬಾ ಒಳ್ಳೆಯದಾಯಿತು. ಪಾತ್ರೆಯ ಅಳತೆ, ಹೊತ್ತು, ಬಣ್ಣ, ಕೊಬ್ಬು ಎಲ್ಲ ಹೇಳಿದ್ದೀರಿ. ಅದನ್ನು ಓದುತ್ತಿದ್ದಂತೆಯೇ ಎಲ್ಲಿ ತಪ್ಪಿತು ಅಂತ ನನಗೆ ಕಂಡಿತು. ತಪ್ಪು ನಿಮ್ಮ ಕೈಯದ್ದಲ್ಲ. ಸ್ಲೋ ಕುಕ್ಕರಿನ ಜೊತೆ ಬರುವ ಪುಸ್ತಕಗಳೇ ‘ಎಲ್ಲ ಒಟ್ಟಿಗೆ ಹಾಕಿ, ಸ್ವಿಚ್ ಒತ್ತಿ’ ಅಂತ ಹೇಳಿ ಜನರನ್ನು ದಾರಿ ತಪ್ಪಿಸುತ್ತವೆ.

ಫ್ರೆಂಚರ ಈ ಸ್ಟ್ಯೂನಲ್ಲಿ ನಾಲ್ಕು ಕೆಲಸ ಇವೆ. ಮಾಂಸವನ್ನು ಕೆಂಪಗೆ ಹುರಿಯುವುದು. ವೈನನ್ನು ಬತ್ತಿಸುವುದು. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಕೊನೆಗೆ ರಸವನ್ನು ಗಟ್ಟಿ ಮಾಡಿ, ಬೇರೆ ಹುರಿದ ಈರುಳ್ಳಿ ಅಣಬೆ ಸೇರಿಸುವುದು. ಸ್ಲೋ ಕುಕ್ಕರ್ ಮಾಡುವುದು ಮೂರನೆಯದನ್ನು ಮಾತ್ರ. ಅದನ್ನು ಬಹಳ ಚೆನ್ನಾಗಿ ಮಾಡುತ್ತದೆ, ನಿಜ. ಉಳಿದ ಮೂರನ್ನೂ ನಾವು ಒಲೆಯ ಮೇಲೆ ಮಾಡಬೇಕು. ನಿಮ್ಮ ಪಾತ್ರೆಯಲ್ಲಿ ಆ ಮೂರೂ ಆಗಲಿಲ್ಲ, ಅಷ್ಟೇ.

ಮೊದಲು ಹಂದಿ ಮಾಂಸದ ಮಾತು. ಹಂದಿ ಹಾಕಿದರೆ ಅದು ಫ್ರೆಂಚ್ ಆಗುತ್ತದಾ ಅನ್ನುವ ಅನುಮಾನ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಖಂಡಿತ ಆಗುತ್ತದೆ. ನಿಮ್ಮ ಮಗಳು ಓದಿದ ದಿಜೋನ್ ಬೂರ್ಗೋನ್ ಸೀಮೆಯ ದೊಡ್ಡ ಊರು. ಇಂಗ್ಲಿಷಿನವರು ಬರ್ಗಂಡಿ ಅನ್ನುವುದು ಆ ಸೀಮೆಗೇ. ಅವಳು ತಿಂದ ಬೆಫ್ ಬೂರ್ಗಿನ್ಯೋನ್ ಅಲ್ಲಿಯದು. ಅದರಲ್ಲೂ ಹಂದಿ ಇರುತ್ತದೆ. ಉಪ್ಪು ಹಾಕಿಟ್ಟ ಹೊಟ್ಟೆ ಭಾಗವನ್ನು ಸಣ್ಣ ಪಟ್ಟಿಗಳಾಗಿ ಹೆಚ್ಚಿ ಹುರಿದು, ಆ ಕೊಬ್ಬಿನಲ್ಲೇ ಬೀಫ್ ಹುರಿಯುತ್ತಾರೆ. ದಕ್ಷಿಣದ ಪ್ರೊವಾನ್ಸ್ ಕಡೆ ದೋಬ್ ಅಂತ ಇನ್ನೊಂದು ಸ್ಟ್ಯೂ ಇದೆ. ಹೊಟ್ಟೆ ಉಬ್ಬಿದ ಮಣ್ಣಿನ ಗಡಿಗೆಯಲ್ಲಿ ಮಾಡುತ್ತಾರೆ. ಅದಕ್ಕೆ ಹಂದಿಯ ತೊಗಲು ಹಾಕುತ್ತಾರೆ, ರಸಕ್ಕೆ ಮೈ ಬರಲಿ ಅಂತ. ಕಾಡುಹಂದಿಯನ್ನೇ ರೆಡ್ ವೈನಿನಲ್ಲಿ ನೆನೆಸಿಟ್ಟು ಬೇಯಿಸುವ ಸಿವೇ ಅನ್ನುವ ಅಡುಗೆಯೂ ಅವರಲ್ಲಿದೆ. ನಮ್ಮ ಪಂದಿ ಕರಿಯೂ ಬೇಟೆಯ ಕಾಲದಿಂದ ಬಂದದ್ದು ಅಲ್ವಾ? ಈಗ ಕಾನೂನಿನಂತೆ ಕಾಡುಹಂದಿ ಮುಟ್ಟುವ ಹಾಗಿಲ್ಲ. ಸಾಕಿದ ಹಂದಿಯಲ್ಲೇ ಎರಡೂ ನಡೆಯುತ್ತವೆ.

ಆದರೆ ಬೀಫ್ ಲೆಕ್ಕದ ಹೊತ್ತನ್ನು ಹಂದಿಗೆ ಇಡಬಾರದು. ನಿಮ್ಮ ಮಾಂಸ ಎಳೆ ಎಳೆಯಾದದ್ದು ಇದರಿಂದಲೇ. ಮಾಂಸದ ನಾರುಗಳನ್ನು ಕಟ್ಟಿ ಹಿಡಿಯುವ ಬಿಳಿ ಪೊರೆಯಲ್ಲಿ ಕೊಲಾಜೆನ್ ಇರುತ್ತದೆ. ಸುಮಾರು 70 ಡಿಗ್ರಿ ದಾಟಿದ ಮೇಲೆ ಅದು ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ. ಕಾಲು ಸೂಪು ತಣ್ಣಗಾದಾಗ ಜೆಲ್ಲಿಯಂತೆ ಗಟ್ಟಿಯಾಗುತ್ತದಲ್ಲ, ಅದೇ ಜೆಲಾಟಿನ್. ಪ್ರಾಣಿಗೆ ವಯಸ್ಸಾದಷ್ಟೂ ಈ ಕೊಲಾಜೆನ್ ಬಿಗಿಯಾಗುತ್ತಾ ಹೋಗುತ್ತದೆ, ಕರಗಲು ಹೊತ್ತು ಜಾಸ್ತಿ ಬೇಕು. ಮಾಂಸಕ್ಕೆ ಸಾಕುವ ಹಂದಿ ಸಾಮಾನ್ಯವಾಗಿ ವರ್ಷ ತುಂಬುವ ಮೊದಲೇ ಅಂಗಡಿಗೆ ಬರುತ್ತದೆ. ಅದರ ಕೊಲಾಜೆನ್ ಬೇಗ ಕರಗುತ್ತದೆ. ಎಲ್ಲ ಕರಗಿದ ಮೇಲೂ ಬೇಯಿಸುತ್ತಾ ಹೋದರೆ ನಾರುಗಳನ್ನು ಹಿಡಿದಿಡಲು ಏನೂ ಉಳಿಯುವುದಿಲ್ಲ. ಎಳೆ ಬಿಚ್ಚಿಕೊಳ್ಳುತ್ತವೆ. ಬೀಫಿನ ಕಾಲಿನ ಮಾಂಸಕ್ಕೆ ‘ಲೋ’ದಲ್ಲಿ ಎಂಟು ಒಂಬತ್ತು ಗಂಟೆ ಸರಿ. ಹಂದಿಯ ಭುಜಕ್ಕೆ ದೊಡ್ಡ ತುಂಡಾದರೆ ಆರರಿಂದ ಏಳು ಗಂಟೆ ಸಾಕು. ನೀವು ಸಣ್ಣ ತುಂಡಿಗೆ ಹತ್ತು ಗಂಟೆ ಕೊಟ್ಟಿರಿ.

ಹಾಗಾಗಿ ಅಂಗಡಿಯಲ್ಲೇ ಕೆಲಸ ಶುರುವಾಗುತ್ತದೆ. ನಮ್ಮಲ್ಲಿ ಹಂದಿ ಮಾಂಸ ಕೇಳಿದ ಕೂಡಲೇ ಪಂದಿ ಕರಿಗೆ ಅಂತ ತಿಳಿದು ಟಕಟಕ ಸಣ್ಣಗೆ ಹೊಡೆದು ಕೊಡುತ್ತಾರೆ. ಕೊಬ್ಬು, ತೊಗಲು, ಮಾಂಸ ಎಲ್ಲ ಒಂದೇ ತುಂಡಿನಲ್ಲಿ. ಪಂದಿ ಕರಿಗೆ ಅದೇ ಚೆಂದ. ಇದಕ್ಕೆ ಬೇಡ. ಭುಜದ ಭಾಗ, ಅಂದರೆ ಮುಂಗಾಲಿನ ಮೇಲಿನದ್ದು, ಎಲುಬು ತೆಗೆದು ಇಡಿಯಾಗಿ ಕೊಡಿ ಅನ್ನಿ. ಕುತ್ತಿಗೆಯ ಭಾಗವೂ ಆಗುತ್ತದೆ. ಹಿಂದಿನ ತೊಡೆ ಬೇಡ, ಅದರಲ್ಲಿ ಕೊಬ್ಬು ಕಡಿಮೆ, ಬೆಂದಷ್ಟೂ ಒಣಗುತ್ತದೆ. ಒಂದೂಕಾಲು ಕೆ.ಜಿ. ಭುಜ, ಬೇರೆಯಾಗಿ ನೂರೈವತ್ತು ಗ್ರಾಂ ಹೊಟ್ಟೆ ಭಾಗ, ಅಂಗೈಯಷ್ಟು ತೊಗಲು. ಮನೆಗೆ ತಂದು ಭುಜವನ್ನು ಐದು ಸೆಂಟಿಮೀಟರಿನ ತುಂಡು ಮಾಡಿ. ದೊಡ್ಡ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಹೊರಗಿನ ದಪ್ಪ ಕೊಬ್ಬನ್ನು ಕತ್ತರಿಸಿ ತೆಗೆಯಿರಿ. ಒಂದು ಬೆರಳು ಕೊಬ್ಬು ಮೇಲೆ ನಿಂತದ್ದು ಇದನ್ನು ಬಿಟ್ಟದ್ದರಿಂದ.

ಇನ್ನು ಹುರಿಯುವುದು. ಈ ಒಂದು ಕೆಲಸವನ್ನು ದಯವಿಟ್ಟು ಬಿಡಬೇಡಿ. ಬೂದಿ ಬಣ್ಣಕ್ಕೂ ಬೇಯಿಸಿದ ಮಾಂಸದ ಸಪ್ಪೆ ವಾಸನೆಗೂ ಕಾರಣ ಇದೇ. ಮಾಂಸದ ಮೇಲ್ಮೈ ಒಣಗಿ ಸುಮಾರು 140 ಡಿಗ್ರಿ ದಾಟಿದರೆ ಮಾತ್ರ ಕೆಂಪು ಬಣ್ಣ ಮತ್ತು ಹುರಿದ ಪರಿಮಳ ಹುಟ್ಟುತ್ತದೆ. ಇದನ್ನು 1912ರಲ್ಲಿ ವಿವರಿಸಿದ ಲೂಯಿ ಕಮೀಯ್ ಮೈಯಾರ್ ಕೂಡ ಫ್ರೆಂಚ್ ರಸಾಯನಶಾಸ್ತ್ರಜ್ಞರೇ. ಅವರ ಹೆಸರನ್ನೇ ಈ ಕ್ರಿಯೆಗೆ ಇಟ್ಟಿದ್ದಾರೆ. ನೀರಿರುವ ಕಡೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ನಮ್ಮ ಮಡಿಕೇರಿಯಂಥ ಎತ್ತರದಲ್ಲಿ ನೀರು 96ಕ್ಕೇ ಕುದಿಯುತ್ತದೆ. ಸ್ಲೋ ಕುಕ್ಕರಿನೊಳಗೆ ಹತ್ತು ಗಂಟೆಯಲ್ಲ, ಎರಡು ದಿನ ಇಟ್ಟರೂ ಮಾಂಸ ಕೆಂಪಾಗುವುದಿಲ್ಲ.

ಕಬ್ಬಿಣದ ಬಾಣಲೆ ಇದ್ದರೆ ಅದೇ ಇರಲಿ. ಮೊದಲು ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ. ಒದ್ದೆ ಮಾಂಸ ಹುರಿಯುವುದಿಲ್ಲ, ಬೇಯುತ್ತದೆ. ಹೊಟ್ಟೆ ಭಾಗದ ಪಟ್ಟಿಗಳನ್ನು ಸಣ್ಣ ಉರಿಯಲ್ಲಿ ಹಾಕಿ ಕೊಬ್ಬು ಬಿಡಿಸಿಕೊಂಡು, ಪಟ್ಟಿಗಳನ್ನು ತೆಗೆದಿಡಿ. ಉರಿ ಏರಿಸಿ. ಬಾಣಲೆಯಿಂದ ತೆಳ್ಳಗೆ ಹೊಗೆ ಏಳುವಾಗ ಐದಾರು ತುಂಡು ಇಡಿ, ನಡುವೆ ಬೆರಳಷ್ಟು ಜಾಗ ಬಿಟ್ಟು. ಚುರ್ ಅನ್ನುವ ಸದ್ದು ಗಟ್ಟಿಯಾಗಿ, ಒಂದೇ ಸಮನೆ ಬರಬೇಕು. ಸದ್ದು ಮೆತ್ತಗಾಗಿ ಬುಳುಬುಳು ಅಂದರೆ ನೀರು ಬಿಟ್ಟಿದೆ ಅಂತ ಅರ್ಥ, ತುಂಡು ಜಾಸ್ತಿಯಾಗಿವೆ. ಹಾಕಿದ ಮೇಲೆ ಮುಟ್ಟಬೇಡಿ. ಮೊದಲು ಮಾಂಸ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎಬ್ಬಿಸಲು ಹೋದರೆ ಹರಿಯುತ್ತದೆ. ಮೂರು ನಾಲ್ಕು ನಿಮಿಷ ಕಾದರೆ ತಾನೇ ಬಿಡುತ್ತದೆ. ಆಗ ತಿರುಗಿಸಿ. ಕೆಳಗಿನ ಮೈ ಹುರಿದ ಕಾಫಿಬೀಜದ ಬಣ್ಣಕ್ಕಿಂತ ಒಂದೆರಡು ಪಾಲು ತಿಳಿಯಾಗಿರಬೇಕು. ಎರಡು ಮೈ ಚೆನ್ನಾಗಿ ಕೆಂಪಾದರೆ ಸಾಕು, ಆರೂ ಮೈ ಬೇಡ. ಎಲ್ಲ ಮುಗಿಯಲು ಅರ್ಧ ಗಂಟೆ ಹಿಡಿಯುತ್ತದೆ. ಈ ಅರ್ಧ ಗಂಟೆಯ ಋಣ ಇಡೀ ಸ್ಟ್ಯೂ ಮೇಲಿರುತ್ತದೆ.

ಅದೇ ಬಾಣಲೆಗೆ ಹೆಚ್ಚಿದ ಎರಡು ದೊಡ್ಡ ಈರುಳ್ಳಿ, ಒಂದು ಕ್ಯಾರೆಟ್, ಆರು ಎಸಳು ಬೆಳ್ಳುಳ್ಳಿ. ಈರುಳ್ಳಿ ಕಂದಿದ ಮೇಲೆ ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್, ಎರಡು ದೊಡ್ಡ ಚಮಚ ಮೈದಾ. ಮೈದಾದ ಹಸಿ ವಾಸನೆ ಹೋಗುವವರೆಗೆ ಕೈ ಬಿಡದೆ ಕೆದಕಿ. ಆಮೇಲೆ ವೈನ್.

ವೈನ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕೊಡಗಿನ ಹೋಮ್‌ಮೇಡ್ ವೈನ್ ನನಗೂ ಇಷ್ಟ. ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ಪ್ಯಾಶನ್ ಫ್ರೂಟ್, ಎಲ್ಲದರಲ್ಲೂ ಮಾಡುತ್ತಾರೆ. ಚಳಿ ಸಂಜೆಗೆ ಸಣ್ಣ ಗ್ಲಾಸಿನಲ್ಲಿ ಕುಡಿಯಲು ಚೆಂದ. ಆದರೆ ಅದಕ್ಕೆ ಸಕ್ಕರೆ ಧಾರಾಳವಾಗಿ ಹಾಕಿರುತ್ತಾರೆ. ಬತ್ತಿಸಿದಷ್ಟೂ ಸಿಹಿ ಏರುತ್ತದೆ, ಬತ್ತಿಸದಿದ್ದರೆ ಹುಳಿಯೂ ಸಿಹಿಯೂ ಬೇರೆ ಬೇರೆಯಾಗಿ ನಾಲಿಗೆಗೆ ಹೊಡೆಯುತ್ತವೆ. ನಿಮಗೆ ಆದದ್ದು ಅದೇ. ಈ ಅಡುಗೆಗೆ ಬೇಕಾದದ್ದು ಸಿಹಿ ಇಲ್ಲದ ರೆಡ್ ವೈನ್. ಬೂರ್ಗೋನಿನವರು ಪಿನೋ ನುವಾರ್ ದ್ರಾಕ್ಷಿಯದ್ದು ಹಾಕುತ್ತಾರೆ. ನಮಗೆ ಅದು ದುಬಾರಿ, ಬೇಕಾಗಿಯೂ ಇಲ್ಲ. ನಂದಿ ಬೆಟ್ಟದ ಕಡೆಯ ಅಥವಾ ನಾಶಿಕದ ಶಿರಾಜ್, ಕ್ಯಾಬರ್ನೆ ಧಾರಾಳವಾಗಿ ಆಗುತ್ತದೆ. ಲೇಬಲ್ ಮೇಲೆ ‘ಡ್ರೈ’ ಅಂತ ಇದೆಯಾ ನೋಡಿ. ‘ಪೋರ್ಟ್’ ಅಂತ ಬರೆದದ್ದು ಬೇಡ, ಅದು ಸಿಹಿ.

ಇಡೀ ಬಾಟಲಿಯೂ ಬೇಡ. ಸಾಮಾನ್ಯ ಒಲೆಯ ಮೇಲಿನ ಸ್ಟ್ಯೂಗೆ ಒಂದು ಬಾಟಲಿ ಹಾಕುತ್ತಾರೆ, ನಿಜ. ಅಲ್ಲಿ ಮೂರು ಗಂಟೆಯಲ್ಲಿ ಅರ್ಧದಷ್ಟು ಆವಿಯಾಗಿ ಹೋಗುತ್ತದೆ. ಸ್ಲೋ ಕುಕ್ಕರಿನ ಮುಚ್ಚಳದ ಒಳಗೆ ಆವಿ ಹನಿಯಾಗಿ ಮತ್ತೆ ಕೆಳಗೇ ಬೀಳುತ್ತದೆ. ಹಾಕಿದ ನೀರು ಹಾಗೇ ಇರುತ್ತದೆ. ಸಾಲದ್ದಕ್ಕೆ ಮಾಂಸ, ಈರುಳ್ಳಿ, ಅಣಬೆ ತಮ್ಮ ನೀರನ್ನೂ ಬಿಡುತ್ತವೆ. ನಿಮ್ಮ ಸಾರು ನೀರುನೀರಾದದ್ದಕ್ಕೆ ಇದೇ ಕಾರಣ. ಆದ್ದರಿಂದ ನಾನೂರು ಎಂ.ಎಲ್. ವೈನ್ ಬಾಣಲೆಗೆ ಸುರಿಯಿರಿ. ಮರದ ಸೌಟಿನಿಂದ ತಳ ಕೆರೆಯಿರಿ. ಅಂಟಿ ನಿಂತಿದ್ದ ಕಂದು ಗಸಿ ಎಲ್ಲ ಎದ್ದು ವೈನಿನಲ್ಲಿ ಕರಗುತ್ತದೆ. ಮೊದಲ ಎರಡು ನಿಮಿಷ ಮೂಗಿಗೆ ಚುರುಕ್ ಅನ್ನುವ ಸಾರಾಯಿ ವಾಸನೆ ಬರುತ್ತದೆ. ಕುದಿಯುತ್ತಾ ಕುದಿಯುತ್ತಾ ಅದು ಇಳಿದು, ಒಣದ್ರಾಕ್ಷಿಯಂಥ ವಾಸನೆ ಏಳುತ್ತದೆ. ಅರ್ಧಕ್ಕೆ ಬತ್ತಿದಾಗ ಉರಿ ಆರಿಸಿ. ಮೈದಾ ಇರುವುದರಿಂದ ಆಗಲೇ ಸ್ವಲ್ಪ ಮಂದವಾಗಿರುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ವೈನ್ ಕುದಿಸಬೇಡಿ, ಹುಳಿಗೆ ಲೋಹದ ರುಚಿ ಬಿಡುತ್ತದೆ. ಕಬ್ಬಿಣದಲ್ಲೂ ಕೆಲಸ ಮುಗಿದ ಕೂಡಲೇ ಖಾಲಿ ಮಾಡಿ.

ಮನೆಗೆ ಬರುವವರಲ್ಲಿ ಮದ್ಯ ಮುಟ್ಟದವರಿದ್ದರೆ ಮೊದಲೇ ಹೇಳಿಬಿಡಿ. ಗಂಟೆಗಟ್ಟಲೆ ಬೆಂದರೆ ಎಲ್ಲ ಹಾರಿಹೋಗುತ್ತದೆ ಅನ್ನುವುದು ಸರಿಯಲ್ಲ. ಸ್ವಲ್ಪ ಉಳಿದೇ ಉಳಿಯುತ್ತದೆ, ಮುಚ್ಚಿದ ಪಾತ್ರೆಯಲ್ಲಿ ಇನ್ನೂ ಜಾಸ್ತಿ.

ಈಗ ಪಾತ್ರೆ ತುಂಬುವುದು. ಕ್ಯಾರೆಟ್ ಗಟ್ಟಿ ಉಳಿದದ್ದು ನಿಮಗೆ ಆಶ್ಚರ್ಯ ಆಗಿದೆ. ಸ್ಲೋ ಕುಕ್ಕರಿನಲ್ಲಿ ಗೆಡ್ಡೆ ಬೇಯುವುದು ಮಾಂಸಕ್ಕಿಂತ ನಿಧಾನ. ಗೆಡ್ಡೆಯ ಒಳಗಿನ ಪೆಕ್ಟಿನ್ ಮೆತ್ತಗಾಗಲು ಮಾಂಸಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಬಿಸಿ ಬೇಕು, ಜೊತೆಗೆ ಹುಳಿ ಇದ್ದರೆ ಅದು ಇನ್ನೂ ಹಟ ಹಿಡಿಯುತ್ತದೆ. ನಿಮ್ಮಲ್ಲಿ ಒಂದು ಬಾಟಲಿ ಹುಳಿ ಇತ್ತು. ಹುಣಸೆಹುಳಿ ಮೊದಲೇ ಬಿದ್ದ ಸಾಂಬಾರಿನಲ್ಲಿ ತರಕಾರಿ ಬೇಯದಿರುವುದನ್ನು ನೀವೇ ನೋಡಿರುತ್ತೀರಿ. ಆದ್ದರಿಂದ ಹುರಿದ ಈರುಳ್ಳಿ ಕ್ಯಾರೆಟ್ ವೈನಿನ ಮಿಶ್ರಣ ತಳಕ್ಕೆ ಹೋಗಲಿ, ಅಲ್ಲೇ ಬಿಸಿ ಜಾಸ್ತಿ. ತೊಗಲನ್ನು ಅದರ ಮೇಲೆ ಹರಡಿ. ಅದರ ಮೇಲೆ ಮಾಂಸ. ತಿನ್ನಲು ಬೇಕಾದ ಕ್ಯಾರೆಟ್, ಆಲೂಗಡ್ಡೆ ಬೇರೆಯಾಗಿ ಉಪ್ಪುನೀರಿನಲ್ಲಿ ಬೇಯಿಸಿ ಕೊನೆಗೆ ಸೇರಿಸಿ. ಎಲುಬು ಬೇಯಿಸಿದ ನೀರು ಇನ್ನೂರು ಎಂ.ಎಲ್. ಹಾಕಿ, ಇಲ್ಲದಿದ್ದರೆ ಬಿಸಿನೀರೇ ಆಗುತ್ತದೆ. ರಸ ಮಾಂಸದ ಅರ್ಧಕ್ಕೆ ಬಂದರೆ ಸಾಕು. ಮುಳುಗಬೇಕಾಗಿಲ್ಲ. ಉಪ್ಪು ಈಗ ಎರಡು ಸಣ್ಣ ಚಮಚ ಮಾತ್ರ, ಕೊನೆಗೆ ರಸ ಬತ್ತಿಸುವಾಗ ಉಪ್ಪು ಏರುತ್ತದೆ.

ಪರಿಮಳಕ್ಕೆ ಫ್ರೆಂಚರು ಥೈಮ್, ಪಾರ್ಸ್ಲಿ, ಬೇ ಎಲೆ ಕಟ್ಟು ಕಟ್ಟಿ ಹಾಕುತ್ತಾರೆ. ಅವರ ಬೇ ಎಲೆ ಬೇರೆ ಮರದ್ದು. ನಮ್ಮ ಪಲಾವ್ ಎಲೆ ದಾಲ್ಚಿನ್ನಿ ಜಾತಿಯದ್ದು, ಇಡೀ ಎಲೆ ಹಾಕಿದರೆ ಸ್ಟ್ಯೂ ಪಲಾವಿನ ಕಡೆ ವಾಲುತ್ತದೆ. ಅರ್ಧ ಎಲೆ ಸಾಕು. ಒಣ ಥೈಮ್ ಸಿಗದಿದ್ದರೆ ಚಿಟಿಕೆ ಓಮ ಹಾಕಿ. ಎರಡರಲ್ಲೂ ಥೈಮಾಲ್ ಅನ್ನುವ ಒಂದೇ ಎಣ್ಣೆಯ ಅಂಶ ಇದೆ. ಚಿಟಿಕೆ ಅಂದರೆ ಚಿಟಿಕೆಯೇ, ಓಮ ಜೋರು. ತೋಟದ ಕಾಳುಮೆಣಸು ಹತ್ತು ಹದಿನೈದು, ಸುಮ್ನೆ ಜಜ್ಜಿ. ಕೊತ್ತಂಬರಿ, ಜೀರಿಗೆ, ಹುರಿದ ಮಸಾಲೆಪುಡಿ ಬೇಡ. ಕೈ ಹೋಗುತ್ತದೆ, ಗೊತ್ತು. ತಡೆಯಿರಿ.

ಒಂದು ವಸ್ತು ಮಾತ್ರ ಕೊಡಗಿನದ್ದೇ ಹಾಕಿ ನೋಡಿ ಅಂತ ಮನಸಾರೆ ಹೇಳುತ್ತೇನೆ. ನಮ್ಮ ಕಿತ್ತಳೆ ಸಿಪ್ಪೆ. ಪ್ರೊವಾನ್ಸಿನವರ ದೋಬ್‌ಗೆ ಕಿತ್ತಳೆ ಸಿಪ್ಪೆ ಬಿದ್ದೇ ಬೀಳುತ್ತದೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಪರಿಮಳ ಬಹಳ. ಎರಡು ಬೆರಳಗಲದ ತುಂಡು ತೊಳೆದು, ಒಳಗಿನ ಬಿಳಿ ಭಾಗ ಚಾಕುವಿನಿಂದ ಕೆರೆದು ಹಾಕಿ. ಬಿಳಿ ಉಳಿದರೆ ಕಹಿ. ಆಗ ಅದು ಬೂರ್ಗೋನಿನದ್ದಾಗಿ ಉಳಿಯದೆ ಪ್ರೊವಾನ್ಸಿನ ಕಡೆಯದಾಗುತ್ತದೆ, ನಿಮ್ಮ ಮಗಳು ಕಂಡುಹಿಡಿದರೂ ಹಿಡಿಯಬಹುದು. ಹಂದಿಗೆ ಮಾತ್ರ ಅದು ತುಂಬಾ ಹೊಂದುತ್ತದೆ.

ಕಾಚಂಪುಳಿ? ವೈನ್ ಇರುವ ಸ್ಟ್ಯೂಗೆ ಬೇಡ. ವೈನಿಗೆ ತನ್ನದೇ ಹುಳಿ ಇದೆ. ಕಾಚಂಪುಳಿಯ ಹುಳಿ ಗಾಢ, ಹೊಗೆ ಹೊಗೆಯಾಗಿ ಮೇಲೆ ಕೂರುತ್ತದೆ, ವೈನ್ ಹಾಕಿದ್ದೇ ವ್ಯರ್ಥವಾಗುತ್ತದೆ. ವೈನ್ ಹಾಕದೆ ಮಾಡುವುದಾದರೆ ಮಾತು ಬೇರೆ. ವೈನಿನ ಬದಲು ಎಲುಬಿನ ನೀರು, ಇನ್ನೊಂದು ಚಮಚ ಟೊಮೆಟೊ ಪೇಸ್ಟ್ ಹಾಕಿ, ಇಳಿಸುವ ಮೊದಲು ಅರ್ಧ ಸಣ್ಣ ಚಮಚ ಕಾಚಂಪುಳಿ. ಅದನ್ನು ಬೂರ್ಗಿನ್ಯೋನ್ ಅನ್ನಲಾಗದು, ಆದರೆ ಕುಡಿಯದವರ ಮನೆಯಲ್ಲಿ ನಾನು ಹಾಗೆ ಮಾಡಿ ಬಡಿಸಿದ್ದೇನೆ, ಪಾತ್ರೆ ಖಾಲಿಯಾಗಿದೆ.

ಪಾತ್ರೆ ಅರ್ಧಕ್ಕಿಂತ ಮೇಲೆ, ಮುಕ್ಕಾಲಿಗಿಂತ ಕೆಳಗೆ ತುಂಬಿರಲಿ. ಮೊದಲ ಒಂದು ಗಂಟೆ ‘ಹೈ’, ಆಮೇಲೆ ‘ಲೋ’ದಲ್ಲಿ ಐದರಿಂದ ಆರು ಗಂಟೆ. ‘ಲೋ’ ಅಂದರೆ ಕೊನೆಯವರೆಗೂ ಕಡಿಮೆ ಬಿಸಿ ಅಂತ ತುಂಬಾ ಜನ ತಿಳಿದಿದ್ದಾರೆ. ಹೆಚ್ಚಿನ ಕುಕ್ಕರುಗಳಲ್ಲಿ ಎರಡೂ ಕೊನೆಗೆ ಕುದಿಯ ಹತ್ತಿರಕ್ಕೇ ಬಂದು ನಿಲ್ಲುತ್ತವೆ, ‘ಲೋ’ ಅಲ್ಲಿಗೆ ತಲುಪಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟೇ. ಮಧ್ಯೆ ಮುಚ್ಚಳ ಎತ್ತಬೇಡಿ. ಒಮ್ಮೆ ಎತ್ತಿದರೆ ಕಳೆದ ಬಿಸಿ ಮತ್ತೆ ಕೂಡಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆರನೆಯ ಗಂಟೆಗೆ ಒಂದು ತುಂಡಿಗೆ ಫೋರ್ಕ್ ಚುಚ್ಚಿ ತಿರುಗಿಸಿ. ಫೋರ್ಕ್ ಸಲೀಸಾಗಿ ಹೋಗಬೇಕು, ತುಂಡು ಮಾತ್ರ ತನ್ನ ಆಕಾರ ಬಿಡಬಾರದು. ಆ ಹದಕ್ಕೆ ನಿಲ್ಲಿಸಿ.

ಕರೆಂಟ್ ವಿಷಯ. ಕೊಡಗಿನಲ್ಲಿ ಸ್ಲೋ ಕುಕ್ಕರ್ ಇಟ್ಟುಕೊಂಡವರೆಲ್ಲ ತಿಳಿಯಲೇಬೇಕಾದದ್ದು ಇದು. 5ರಿಂದ 60 ಡಿಗ್ರಿ ನಡುವೆ ಮಾಂಸದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಆ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಬಿಡಬಾರದು. ಶುರುವಾದ ಮೊದಲೆರಡು ಗಂಟೆಯೊಳಗೆ ಕರೆಂಟ್ ಹೋದರೆ ಕಾಯಬೇಡಿ. ಪಾತ್ರೆ ಇನ್ನೂ ಸರಿಯಾಗಿ ಬಿಸಿಯಾಗಿರುವುದಿಲ್ಲ. ತಕ್ಷಣ ಎಲ್ಲವನ್ನೂ ಬೇರೆ ಪಾತ್ರೆಗೆ ಸುರಿದು ಗ್ಯಾಸಿನ ಮೇಲೆ ಕುದಿಸಿ, ಅಲ್ಲೇ ಮುಗಿಸಿ. ಸ್ಲೋ ಕುಕ್ಕರಿನ ಪಿಂಗಾಣಿ ಬಟ್ಟಲನ್ನೇ ಗ್ಯಾಸಿನ ಮೇಲೆ ಇಡಬೇಡಿ, ಒಡೆಯುತ್ತದೆ. ಚೆನ್ನಾಗಿ ಬೆಂದು ಗುಳ್ಳೆ ಏಳುತ್ತಿರುವಾಗ ಕರೆಂಟ್ ಹೋದರೆ ಮುಚ್ಚಳ ತೆರೆಯದೆ ಮೇಲೆ ದಪ್ಪ ಟವಲ್ ಹೊದಿಸಿ, ಎರಡು ಗಂಟೆಯೊಳಗೆ ಬಂದರೆ ಮುಂದುವರಿಸಿ. ನಿಮ್ಮದು ಚೆನ್ನಾಗಿ ಬೆಂದು ಗುಳ್ಳೆ ಎದ್ದ ಮೇಲೆ ಒಂದೂವರೆ ಗಂಟೆ ನಿಂತು ಮತ್ತೆ ಹೊತ್ತಿದ್ದಾದರೆ ಗಾಬರಿ ಬೇಡ. ಆದರೆ ನಿಮಗೆ ಅದು ಮರುದಿನ ಯಾರೋ ಹೇಳಿ ಗೊತ್ತಾಯಿತು. ನನಗೆ ಹಿಡಿಸದಿರುವುದು ಅದೇ. ಎಷ್ಟು ಹೊತ್ತು ಹೋಗಿತ್ತು ಅಂತ ಗೊತ್ತಿಲ್ಲದಿದ್ದರೆ ಮಾಂಸ ಎಸೆಯಲೇಬೇಕು. ಮತ್ತೆ ಕುದಿಸಿದರೆ ಸರಿಹೋಗುತ್ತದೆ ಅಂತ ನಂಬಬೇಡಿ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಒಮ್ಮೆ ನಮ್ಮ ಮನೆಯಲ್ಲೂ ಮಳೆಗಾಲದಲ್ಲಿ ಎರಡು ಕೆ.ಜಿ. ಮಾಂಸ ಹೀಗೆ ಎಸೆಯಬೇಕಾಯಿತು. ಸಂಕಟ ಆಯಿತು, ಆದರೂ ಎಸೆದೆ. ಅಂದಿನಿಂದ ನಾನು ರಾತ್ರಿ ಮಲಗುವಾಗ ಇಡುವುದೇ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಇಟ್ಟರೆ ಕಣ್ಣೆದುರೇ ಸಂಜೆಗೆ ಮುಗಿಯುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಕುಕ್ಕರಿನ ತಳದಲ್ಲಿ ಬರೆದ ವ್ಯಾಟ್ ನೋಡಿ. ಈ ಅಳತೆಯದ್ದು ಸಾಮಾನ್ಯವಾಗಿ ಇನ್ನೂರು ವ್ಯಾಟಿನ ಆಸುಪಾಸು, ಇನ್ವರ್ಟರ್ ತಾಳುತ್ತದೆ. ತಿರುಗಿಸುವ ಗುಬ್ಬಿಯ ಕುಕ್ಕರ್ ಕರೆಂಟ್ ಬಂದ ಕೂಡಲೇ ತಾನೇ ಶುರುವಾಗುತ್ತದೆ. ಡಿಜಿಟಲ್ ಆದರೆ ಎಷ್ಟೋ ಸಲ ಹಾಗೇ ಆರಿ ಕುಳಿತಿರುತ್ತದೆ. ನಿಮ್ಮದು ಬೆಂಗಳೂರಿನದ್ದು, ತೊಂದರೆ ಇಲ್ಲ. ಅಮೆರಿಕದಿಂದ ಯಾರಾದರೂ ತಂದುಕೊಟ್ಟದ್ದನ್ನು ಮಾತ್ರ ನೇರವಾಗಿ ನಮ್ಮ ಪ್ಲಗ್ಗಿಗೆ ಸಿಕ್ಕಿಸಬೇಡಿ. ಅದು 120 ವೋಲ್ಟಿನದ್ದು, ನಮ್ಮದು 230. ಇನ್ನೊಂದು ಮಾತು: ಫ್ರಿಜ್ಜಿನಿಂದ ತೆಗೆದ ಗಟ್ಟಿ ಐಸ್ ಮಾಂಸ ಹಾಕಬಾರದು. ರಾಜ್ಮಾ ಹಾಕುವ ಯೋಚನೆ ಇದ್ದರೆ ನೆನೆಸಿದ ಕಾಳನ್ನು ಮೊದಲೇ ಒಲೆಯ ಮೇಲೆ ಹತ್ತು ನಿಮಿಷವಾದರೂ ಬುಳಬುಳ ಕುದಿಸಿಕೊಳ್ಳಿ. ಅದರಲ್ಲಿರುವ ವಿಷದ ಅಂಶ ಸ್ಲೋ ಕುಕ್ಕರಿನ ಸಣ್ಣ ಬಿಸಿಗೆ ಹೋಗುವುದಿಲ್ಲ.

ಕೊನೆಯ ಕೆಲಸ. ಮಾಂಸವನ್ನು ಜಾಲರಿ ಸೌಟಿನಿಂದ ಬೇರೆ ತೆಗೆಯಿರಿ. ರಸವನ್ನು ಅಗಲ ಪಾತ್ರೆಗೆ ಸೋಸಿ. ತೊಗಲು, ಕಿತ್ತಳೆ ಸಿಪ್ಪೆ, ಎಲೆ ತಮ್ಮ ಕೆಲಸ ಮುಗಿಸಿವೆ, ಬಿಡಿ. ಮೇಲೆ ತೇಲುವ ಕೊಬ್ಬು ತೆಗೆದು ಜೋರು ಉರಿಯಲ್ಲಿ ಬತ್ತಿಸಿ. ಚಮಚದ ಬೆನ್ನಿಗೆ ಬಳಿದುಕೊಂಡು, ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಒಂದು ಚಮಚ ಬೆಣ್ಣೆಗೆ ಒಂದು ಚಮಚ ಮೈದಾ ಬೆರಳಲ್ಲೇ ನಾದಿ, ಸ್ವಲ್ಪ ಸ್ವಲ್ಪವಾಗಿ ಕುದಿಯುವ ರಸಕ್ಕೆ ಹಾಕಿ ಕಲಕಿ. ಗಂಟು ಕಟ್ಟುವುದಿಲ್ಲ.

ಸಾಂಬಾರ್ ಈರುಳ್ಳಿ ಇಪ್ಪತ್ತು ಸುಲಿದು ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಸ್ವಲ್ಪ ನೀರು ಚಿಮುಕಿಸಿ ಬೇಯಿಸಿ. ಅಣಬೆ ಇನ್ನೂರು ಗ್ರಾಂ ಬೇರೆ ಬಾಣಲೆಯಲ್ಲಿ ಜೋರು ಉರಿಯಲ್ಲಿ. ನೀರು ಬಿಟ್ಟು, ಆ ನೀರು ಆರಿ, ಅಂಚು ಕಂದುವವರೆಗೆ. ಸ್ಲೋ ಕುಕ್ಕರಿಗೆ ಹಸಿ ಅಣಬೆ ಹಾಕಿದರೆ ಅದು ರಬ್ಬರಿನಂತಾಗಿ ಸಾರನ್ನೂ ನೀರು ಮಾಡುತ್ತದೆ. ಮಳೆಗಾಲದಲ್ಲಿ ತೋಟದ ಕುಮ್ಮು, ಅಂದರೆ ತಾನಾಗಿ ಏಳುವ ಅಣಬೆ, ಸಿಕ್ಕರೆ ಇದಕ್ಕಿಂತ ರುಚಿ ಬೇರೆ ಇಲ್ಲ, ಆದರೆ ಮನೆಯ ಹಿರಿಯರು ಗುರುತಿಸಿ ಕೊಟ್ಟದ್ದು ಮಾತ್ರ. ಅನುಮಾನ ಬಂದದ್ದನ್ನು ಮುಟ್ಟಬೇಡಿ. ಹೊಟ್ಟೆ ಭಾಗದ ಹುರಿದ ಪಟ್ಟಿಗಳೂ ಈಗ ಬೀಳಲಿ.

ಯಾವುದರ ಜೊತೆ? ಫ್ರಾನ್ಸಿನಲ್ಲಿ ಬೇಯಿಸಿದ ಆಲೂಗಡ್ಡೆ ಅಥವಾ ಬ್ರೆಡ್. ನನ್ನನ್ನು ಕೇಳಿದರೆ ನಮ್ಮ ಅಕ್ಕಿತರಿಯ ಉಂಡೆ, ಕಡಂಬುಟ್ಟು. ಅದಕ್ಕೆ ತನ್ನದೇ ರುಚಿಯ ಗದ್ದಲ ಇಲ್ಲ. ಉಂಡೆ ಮುರಿದಾಗ ಒಳಗಿನ ತರಿ ಆ ಗಟ್ಟಿ ರಸವನ್ನು ಹೀರಿಕೊಳ್ಳುತ್ತದೆ, ಬ್ರೆಡ್ಡಿನಂತೆ ಮುದ್ದೆಯಾಗುವುದಿಲ್ಲ. ಅಕ್ಕಿ ರೊಟ್ಟಿಯೂ ಆಗುತ್ತದೆ. ಪಾಪುಟ್ಟು ಬೇಡ, ಅದರ ಹಾಲು ತೆಂಗಿನಕಾಯಿ ಸಿಹಿ ವೈನಿಗೆ ಹೊಂದುವುದಿಲ್ಲ.

ಆ ದಿನದ್ದು ಇನ್ನೂ ಫ್ರೀಜರಿನಲ್ಲಿದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಕರೆಂಟ್ ಹೋದ ಹೊತ್ತು ಖಚಿತ ಇದ್ದರೆ ಮಾತ್ರ ಬಳಸಿ. ಸಾರಿನ ಸಿಹಿ ತೆಗೆಯಲು ಸಾಧ್ಯವಿಲ್ಲ, ಚೆಲ್ಲಿ. ಎಳೆ ಎಳೆ ಮಾಂಸವನ್ನು ಹಿಂಡಿ, ಈರುಳ್ಳಿ, ಹಸಿಮೆಣಸು, ಕರಿಬೇವು, ಧಾರಾಳ ಮೆಣಸುಪುಡಿ ಹಾಕಿ ಕಬ್ಬಿಣದ ಬಾಣಲೆಯಲ್ಲಿ ಗರಿಯಾಗುವವರೆಗೆ ಹುರಿಯಿರಿ. ಕಾಚಂಪುಳಿಯ ನಾಲ್ಕು ಹನಿ ಇಲ್ಲಿ ಹಾಕಿ. ಇಲ್ಲಿ ಅದು ಬೇಕೇ ಬೇಕು.

ಹುತ್ತರಿ ನಂತರದ ಊಟಕ್ಕೆ ಸ್ಟ್ಯೂವನ್ನು ಹಿಂದಿನ ದಿನವೇ ಮಾಡಿಡಿ. ಮರುದಿನಕ್ಕೆ ರುಚಿ ಕೂಡಿ ಬರುತ್ತದೆ, ಕೊಬ್ಬೂ ಮೇಲೆ ಬಿಳಿ ತಟ್ಟೆಯಂತೆ ಗಟ್ಟಿಯಾಗಿ ಚಮಚದಲ್ಲಿ ಸಲೀಸಾಗಿ ಎದ್ದು ಬರುತ್ತದೆ. ಎಸೆಯಬೇಡಿ, ಆಲೂಗಡ್ಡೆ ಹುರಿಯಲು ಅದು ಚಿನ್ನ. ಬಿಸಿ ಬಟ್ಟಲನ್ನು ಹಾಗೇ ಫ್ರಿಜ್ಜಿಗೆ ಇಡಬೇಡಿ, ಅಗಲ ತಟ್ಟೆಗಳಿಗೆ ಹಂಚಿ ಆರಿಸಿ ಎರಡು ಗಂಟೆಯೊಳಗೆ ಒಳಗಿಡಿ. ಮರುದಿನ ಸ್ಲೋ ಕುಕ್ಕರಿನಲ್ಲಿ ಬಿಸಿ ಮಾಡದೆ ಒಲೆಯ ಮೇಲೆ ಚೆನ್ನಾಗಿ ಕುದಿ ಬರಿಸಿ. ಈರುಳ್ಳಿ ಅಣಬೆಯನ್ನು ಮಾತ್ರ ಅತಿಥಿಗಳು ಬಂದು ಕೂತ ಮೇಲೆ ಹುರಿಯಿರಿ. ಮಗಳಿಗೆ ಆ ಕೆಲಸ ಕೊಡಿ, ದಿಜೋನಿನಲ್ಲಿ ತಿಂದ ಬಣ್ಣ ಯಾವುದು ಅಂತ ಅವಳಿಗೆ ನೆನಪಿರುತ್ತದೆ.